ಬುರೈಮಿಯ ದಾರಿಯಲ್ಲಿ ಒಂದು ಮಾನಪತ್ರ

ಮಸ್ಕತ್, ಇಳಿದ ದಿನ

ನಾನು ಹೆದರಿಕೊಂಡು ಹೊರಟದ್ದು ಗಸಗಸೆಗೆ. ಗಲ್ಫಿಗೆ ಗಸಗಸೆ ಒಯ್ದರೆ ಹಿಡಿದು ಒಳಗೆ ಹಾಕುತ್ತಾರೆ ಎಂದು ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು ಹೇಳಿದ್ದೇ ತಡ, ಹೆಂಡತಿ ಕಟ್ಟಿಕೊಟ್ಟಿದ್ದ ಅಂಟಿನುಂಡೆಯ ಡಬ್ಬಿಯನ್ನು ಅವರಿಗೇ ಕೊಟ್ಟುಬಂದೆ. ಈಗ ಯೋಚಿಸಿದರೆ ಅವರು ಹೆದರಿಸಿದ್ದು ಅದಕ್ಕೇ ಇರಬಹುದು. ಇಷ್ಟಾದರೂ ಮಸ್ಕತ್ತಿನಲ್ಲಿ ಪಾಸ್‌ಪೋರ್ಟ್ ನೋಡುವ ಹೆಣ್ಣುಮಗಳ ಎದುರು ನಿಂತಾಗ, ಉಗುರಿನ ಸಂದಿಯಲ್ಲಿ ಒಂದು ಕಾಳಾದರೂ ಉಳಿದಿರಬಹುದೇ ಎಂದು ಕೈ ಒರೆಸಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆಕೆ ತಲೆ ಎತ್ತದೆ ಮುದ್ರೆ ಒತ್ತಿ ಮುಂದಿನವರನ್ನು ಕರೆದಳು.

ನಾನು ಒಮಾನಿಗೆ ಹೋದದ್ದು ಒಂದು ಮಾನಪತ್ರ ಓದಲು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನ ಬಳಿ ಊರಿನವರು ಕೇಳುವುದು ಎರಡೇ: ಒಂದು ಮದುವೆಯ ಕರೆಯೋಲೆ, ಇನ್ನೊಂದು ಮಾನಪತ್ರ. ನಿವೃತ್ತ ಹೆಡ್‌ಮಾಸ್ತರರಿಗೆ, ಸೊಸೈಟಿಯ ಅಧ್ಯಕ್ಷರಿಗೆ, ಹಲ್ಲಿನ ಡಾಕ್ಟರಿಗೆ ಬರೆದಿದ್ದೇನೆ. ಒಂದು ಲೋಟ ಚಹಾ ಕುಡಿಸದವರನ್ನು ಕಲಿಯುಗದ ಕರ್ಣ ಎಂದಿದ್ದೇನೆ. ಮನಸ್ಸಿಟ್ಟು ಬರೆದದ್ದು ಇದೊಂದನ್ನೇ.

ಬರೆಸಿದವನು ನನ್ನ ಹಳೆಯ ವಿದ್ಯಾರ್ಥಿ ಹಮೀದ್. ಬಂಟ್ವಾಳದ ಬ್ಯಾರಿಗಳ ಹುಡುಗ, ಈಗ ಮಸ್ಕತ್ತಿನ ಘಾಲಾದಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟುಕೊಂಡಿದ್ದಾನೆ. ಅಲ್ಲಿಯ ಕನ್ನಡಿಗರ ಕೂಟದವರು ಕಾತ್ರೀನವ್ವ ಎಂಬ ಹಿರಿಯರನ್ನು ಸನ್ಮಾನಿಸಬೇಕು ಎಂದು ನಿಶ್ಚಯಿಸಿದ್ದರು. ಹಳಿಯಾಳದ ಕಡೆಯ ಸಿದ್ದಿ ಹೆಂಗಸು. ಸಿದ್ದಿಗಳೆಂದರೆ, ಶತಮಾನಗಳ ಹಿಂದೆ ಪೋರ್ಚುಗೀಸರೂ ಅರಬರೂ ಹಡಗಿನಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರ ಸಂತತಿ. ಕಾತ್ರೀನವ್ವ ಮೂವತ್ತಾರು ವರ್ಷದಿಂದ ಒಮಾನಿನ ಗಡಿಯೂರಾದ ಬುರೈಮಿಯ ಒಂದೇ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದರು. ಅಡುಗೆಯ ಜೊತೆಗೆ ಅವರು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಹಮೀದ್ ಫೋನಿನಲ್ಲಿ ಒಂದೊಂದಾಗಿ ಧ್ವನಿ ಸಂದೇಶ ಮಾಡಿ ಕಳಿಸಿದ್ದ: ಮನೆಗೆಲಸಕ್ಕೆ ಬಂದು, ಹೊಡೆತ ತಿಂದು, ಮಾಲೀಕನ ಮನೆಯಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳನ್ನು ಅವರು ಕೋಣೆಯಲ್ಲಿ ಅಡಗಿಸಿ, ಮಸ್ಕತ್ತಿಗೆ ಒಯ್ದು, ನಮ್ಮ ದೇಶದ ರಾಯಭಾರ ಕಚೇರಿಗೆ ಮುಟ್ಟಿಸುತ್ತಿದ್ದರು. ನಾನು ಅದನ್ನೆಲ್ಲ ಬರೆದೆ. ಎಷ್ಟು ಜನ, ಯಾವ ಊರಿನವರು, ಯಾವ ಉಪಾಯದಿಂದ. ‘ಇಂದಿಗೂ ಆ ಕಿರುಕೋಣೆ ನೊಂದ ಗದುಗಿನ ಹೆಣ್ಣುಮಗಳೊಬ್ಬಳ ತವರು’ ಎಂದು ಮುಗಿಸಿ, ಕಣ್ಣು ಒರೆಸಿಕೊಂಡಿದ್ದೆ.

ಹಮೀದ್ ವಿಮಾನ ನಿಲ್ದಾಣಕ್ಕೆ ಬರುವುದು ತಡವಾಯಿತು. ಅಲ್ಲಿ ಪುಕ್ಕಟೆ ವೈಫೈ ಇತ್ತು. ಕೂಟದ ವಾಟ್ಸಾಪ್ ಗುಂಪಿಗೆ ‘ಬಂದಿಳಿದೆ, ಮಾನಪತ್ರ ಸಿದ್ಧ’ ಎಂದು ಬರೆದು, ಪೂರ್ತಿ ಪಾಠವನ್ನು ಹಾಕಿದೆ. ಯಾರೂ ಓದಿ ಮುಗಿಸುವಷ್ಟು ಹೊತ್ತಾಗುವ ಮೊದಲೇ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನು ಖುಷಿಯಿಂದ ಒಂದೊಂದಕ್ಕೂ ಉತ್ತರ ಕೊಡುತ್ತ ಕುಳಿತಿದ್ದೆ.

ಘಾಲಾ

ಹಮೀದ್ ಬಂದವನು ನಮಸ್ಕಾರವನ್ನೂ ಹೇಳಲಿಲ್ಲ.

“ಸರ್, ಎಂತ ಮಾಡಿದ್ರಿ ನೀವು? ಅದನ್ನು ಮೊದಲು ಡಿಲೀಟ್ ಮಾಡಿ. ಈಗ. ಇಲ್ಲಿಯೇ.”

ನನ್ನ ಬೆರಳು ಸರಿಯಾದ ಜಾಗಕ್ಕೆ ಬೀಳಲಿಲ್ಲ. ಅವನೇ ಫೋನ್ ಕಸಿದುಕೊಂಡು ಅಳಿಸಿದ. ಅಷ್ಟರಲ್ಲಿ ಅದು ಗುಂಪಿನಲ್ಲಿ ಇಪ್ಪತ್ತು ನಿಮಿಷ ಇತ್ತು.

ಘಾಲಾದ ತನಕ ಅವನು ಮಾತಾಡಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ರಬ್ಬರ್ ಬೆಲ್ಟುಗಳ ಕೆಳಗೆ ಕೂರಿಸಿ, ಕರಕ್ ಚಾ ತರಿಸಿ ಕೊಟ್ಟು ವಿವರಿಸಿದ. ನಮ್ಮಲ್ಲಿ ಊರಿಗೆಲ್ಲ ಸಾರಿ ಹೇಳಬೇಕಾದ ಪುಣ್ಯ ಇಲ್ಲಿ ಅಪರಾಧ. ಓಡಿ ಬಂದವರನ್ನು ಇಟ್ಟುಕೊಂಡವರು ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು.

“ಮತ್ತೆ ನೀನು ನನಗೆ ಯಾಕೆ ಹೇಳಿದೆ?”

“ನಿಮಗೆ ಗೊತ್ತಿರ್ಲಿ ಅಂತ ಸರ್. ಬರೀಲಿಕ್ಕೆ ಅಲ್ಲ. ಸನ್ಮಾನ ಯಾಕೆ ಅಂತ ಕೂಟದಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತುಂಟು. ಉಳಿದವರಿಗೆ ಹಳೇ ಕನ್ನಡತಿ, ಅಷ್ಟೆ.”

ಆದರೂ ಒಂದು ಧೈರ್ಯ ತಂದುಕೊಂಡೆ. ಬರೆದಿರುವುದು ಕನ್ನಡದಲ್ಲಿ, ಒಮಾನಿನ ಪೊಲೀಸರಿಗೆ ಎಲ್ಲಿಂದ ಅರ್ಥವಾಗಬೇಕು?

“ಪೊಲೀಸ್ ಬಿಡಿ. ನಾಗೇಶ್ ಇದ್ದಾರಲ್ಲ ಗ್ರೂಪಿನಲ್ಲಿ,” ಎಂದ ಹಮೀದ್.

ನಾಗೇಶ್ ಮೈಸೂರಿನವರು. ಬುರೈಮಿಯ ಒಬ್ಬ ವ್ಯಾಪಾರಿಯ ಹತ್ತಿರ ಪಿಆರ್‌ಒ. ಎಂದರೆ ಸರ್ಕಾರಿ ಕಚೇರಿಗಳಿಗೆ ಅಲೆದು ವೀಸಾದ ಕಾಗದಗಳನ್ನು ನೋಡಿಕೊಳ್ಳುವವರು. ಕೆಲಸದವರು ಓಡಿಹೋದರೆ ದೂರು ಕೊಡುವವರೂ ಅವರೇ. ಗದುಗಿನ ಹುಡುಗಿ ರೇಣುಕಾ ಓಡಿ ಬಂದದ್ದು ಆ ವ್ಯಾಪಾರಿಯ ಮನೆಯಿಂದ. ಅವಳು ಎಲ್ಲಿದ್ದಾಳೆ ಎಂದು ಇಡೀ ಒಮಾನಿನಲ್ಲಿ ಯಾರಿಗೆ ತಿಳಿಯಬಾರದಿತ್ತೋ ಅವರಿಗೆ ನಾನು ಅಚ್ಚಗನ್ನಡದಲ್ಲಿ ತಿಳಿಸಿಬಿಟ್ಟಿದ್ದೆ. ಹೊರನಾಡಿನಲ್ಲಿ ಒಬ್ಬ ಕನ್ನಡ ಓದುವವರು ಸಿಕ್ಕರೆ ಹಿಗ್ಗುವವನು ನಾನು. ಅವತ್ತು ಅವರೊಬ್ಬರಿಗೆ ಕನ್ನಡ ಮರೆತುಹೋಗಿರಲಿ ಎಂದು ದೇವರನ್ನು ಬೇಡಿಕೊಂಡೆ.

ಬುರೈಮಿ

ಬೆಳಗಿನ ಜಾವಕ್ಕೇ ಹೊರಟೆವು. ರೇಣುಕಾಳನ್ನು ಅವತ್ತೇ ಅಲ್ಲಿಂದ ಎತ್ತಬೇಕು, ರಾಯಭಾರ ಕಚೇರಿ ಮುಚ್ಚುವ ಮುಂಚೆ ಮಸ್ಕತ್ ಮುಟ್ಟಿಸಬೇಕು. ನಾನು ಘಾಲಾದಲ್ಲೇ ಇರುತ್ತೇನೆ ಎನ್ನಬಹುದಿತ್ತು. ಹೇಳಲು ಬಾಯಿ ತೆರೆದೂ ಇದ್ದೆ. ಮಾಡಿದ್ದುಣ್ಣೋ ಮಹರಾಯ ಎಂದು ಒಳಗಿನಿಂದ ಯಾರೋ ಅಂದಂತಾಗಿ ಕಾರು ಹತ್ತಿದೆ.

ಆ ದಾರಿಯ ಚೆಲುವನ್ನು ಬರೆಯಬೇಕೆಂದರೆ ನನಗೆ ನೆನಪಿಲ್ಲ. ಒಂದು ಕಡೆ ಬೋಳು ಬೆಟ್ಟಗಳಿದ್ದವು. ಚಿತ್ರದುರ್ಗದವರು ನೋಡಿದರೆ ನಮ್ಮದೇ ವಾಸಿ, ನಾಲ್ಕು ಗಿಡವಾದರೂ ಇವೆ ಎಂದಾರು. ಇಲ್ಲಿಯ ಕಾರುಗಳಿಗೆ ಒಂದು ಚಟ: ವೇಗ ನೂರಿಪ್ಪತ್ತು ದಾಟಿದರೆ ಒಳಗೆ ಗಂಟೆ ಬಾರಿಸತೊಡಗುತ್ತವೆ. ಆ ಟಿಂಗ್ ಟಿಂಗ್ ಮೂರು ಗಂಟೆ ಕಾಲ ನಿಲ್ಲಲೇ ಇಲ್ಲ. ಹಿಂದೆ ಬರುವ ಪ್ರತಿ ಬಿಳಿ ಕಾರೂ ನಾಗೇಶರದೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಒಮಾನಿನಲ್ಲಿ ಮುಕ್ಕಾಲು ಪಾಲು ಕಾರುಗಳು ಬಿಳಿ.

ಕಾತ್ರೀನವ್ವನ ಕೋಣೆ ದೊಡ್ಡ ಮನೆಯೊಂದರ ಹಿತ್ತಲಲ್ಲಿ, ಖರ್ಜೂರದ ಮರಗಳ ಆಚೆ ಇತ್ತು. ಬಾಗಿಲು ತೆರೆದವರು ಕಪ್ಪು ಅಬಾಯಾ ತೊಟ್ಟ, ಎತ್ತರದ, ಗುಂಗುರು ನರೆಗೂದಲಿನ ಹೆಂಗಸು. ಯಾರೋ ಒಮಾನಿ ಅಜ್ಜಿ ಎಂದು ನಾನು ‘ಸಲಾಂ’ ಅಂದೆ.

“ಬರ್ರಿ ಮಾಸ್ತರ್ರ, ಒಳಗ ಬರ್ರಿ. ಹಾನಗಲ್ಲ ಕಡೆಯವರಂತಲ್ಲ ನೀವು. ನಾವು ಆಜೂಬಾಜೂದವರ ಹಂಗಂದ್ರ,” ಎಂದರು.

ಮೂವತ್ತು ವರ್ಷ ಪುತ್ತೂರಿನಲ್ಲಿ ಸವೆಸಿದ ನನ್ನ ಹುಟ್ಟೂರಿನ ಮಾತು ಗಂಟಲಿಗೆ ಬಂತು. ಆದರೆ ಹೇಳಬೇಕಾದದ್ದು ಬೇರೆ ಇತ್ತು. ತಲೆ ತಗ್ಗಿಸಿಕೊಂಡು ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು.

“ಬರದದ್ದು ಬರದಾತು. ಅಕಿಗೆ ಊಟಾ ಹಾಕತೇನಿ, ಹೊಟ್ಟಿ ತುಂಬಿದ್ರ ಕಾಲ ನಡಗೂದಿಲ್ಲ.”

ಪರದೆಯ ಹಿಂದಿನಿಂದ ರೇಣುಕಾ ಬಂದಳು. ಇಪ್ಪತ್ತೆರಡು ಇರಬಹುದು. ಎಡಗೈಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಅನ್ನ ಕಲಸುವಾಗ ಅವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ನಾನು ಅವಳ ಮುಖ ನೋಡಲಾರದೆ ಗೋಡೆ ನೋಡಿದೆ. ಗೋಡೆಯಲ್ಲಿ ಏಸುವಿನ ಪಟ, ಅದರ ಪಕ್ಕದಲ್ಲಿ ತೀರಿಕೊಂಡ ಮನೆಯೊಡತಿಯ ಪಟ. ಆ ಒಡತಿ ಆಫ್ರಿಕಾದ ಜಾಂಜಿಬಾರಿನಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವರಂತೆ. ಅವರ ಬಣ್ಣವೂ ಕಾತ್ರೀನವ್ವನದೇ.

“ಊರಾಗ ಬಸ್ಸಿನ ಕಂಡಕ್ಟರ ಕೇಳತಿದ್ದ, ಯಾವ ದೇಶ ನಿಂದು ಅಂತ. ನಾ ಹುಟ್ಟಿದ್ದ ಹಳಿಯಾಳದಾಗ,” ಎಂದರು ಕಾತ್ರೀನವ್ವ, ಪಲ್ಯ ಬಡಿಸುತ್ತ. “ಇಲ್ಲಿ ಯಾರೂ ಕೇಳಂಗಿಲ್ಲ ನೋಡ್ರಿ. ಇಲ್ಲಿಯಾಕಿನ ಅಂತ ತಿಳ್ಕೋತಾರ. ಕೇಳಾವರು ನಮ್ಮ ಮಂದೀನ. ಹಿಂದಕ್ಕ ಒಮ್ಮೆ ರಾಜ್ಯೋತ್ಸವಕ್ಕ ಹೋಗಿದ್ದೆ, ಬಾಗಲದಾಗ ಅರಬ್ಬಿಯೊಳಗ ಮಾತಾಡ್ಸಿ ಕಳಿಸಿಬಿಟ್ರು.”

ಹಮೀದ್ ನೆಲ ನೋಡಿದ. ಬಾಗಿಲಲ್ಲಿ ಅವತ್ತು ಇದ್ದವನು ಅವನೇ. ಈ ಸನ್ಮಾನದ ಹಟ ಅವನಿಗೆ ಯಾಕೆ ಹತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಅವರ ಉಪಾಯವೂ ಆ ಬಣ್ಣದ್ದೇ. ಓಡಿ ಬಂದ ಹುಡುಗಿ ಒಬ್ಬಳೇ ರಸ್ತೆಯಲ್ಲಿ ನಡೆದರೆ ಯಾರಾದರೂ ತಡೆಯುತ್ತಾರೆ. ಅಬಾಯಾ ತೊಟ್ಟ ಒಮಾನಿ ಯಜಮಾನಿಯ ಹಿಂದೆ ಚೀಲ ಹಿಡಿದು ನಡೆದರೆ ಅವಳು ಬರೀ ಕೆಲಸದವಳು. ಯಜಮಾನಿಯನ್ನು ಪ್ರಶ್ನೆ ಮಾಡುವವರು ಯಾರು? ಇದನ್ನು ನಾನು ಇಲ್ಲಿ ಬರೆಯುತ್ತಿದ್ದೇನಲ್ಲ ಎಂದು ಓದುಗರು ಗಾಬರಿಯಾಗಬೇಕಿಲ್ಲ. ಕಾತ್ರೀನವ್ವನ ಒಪ್ಪಿಗೆ ಪಡೆದಿದ್ದೇನೆ, ಹೆಸರುಗಳನ್ನು ಬದಲಿಸಿದ್ದೇನೆ, ದಾರಿಗಳನ್ನೂ ಸ್ವಲ್ಪ ತಿರುಚಿದ್ದೇನೆ. ಈ ಬರಹ ಹಿಡಿದುಕೊಂಡು ಬುರೈಮಿಗೆ ಹೋದರೆ ಯಾರೂ ಸಿಗುವುದಿಲ್ಲ.

“ಇಷ್ಟು ವರ್ಷ ಹೆದರಿಕೆ ಆಗಲಿಲ್ಲವೇ?” ಎಂದು ಕೇಳಿದೆ.

“ನಮ್ಮ ಅಜ್ಜ-ಮುತ್ತಜ್ಜರೂ ಗೋವಾದಾಗಿಂದ ಒಡೆಯರ ಕೈ ತಪ್ಪಿಸ್ಕೊಂಡು ಅಡವಿಗೆ ಓಡಿಬಂದವರ, ಮಾಸ್ತರ್ರ. ಓಡಿಬಂದವರಿಗೆ ನಾವ ಬಾಗಲಾ ತೆಗೀಲಿಲ್ಲಂದ್ರ ಹ್ಯಾಂಗ?” ಎಂದು ತಟ್ಟೆ ಎತ್ತಿದರು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವಸರದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಚೆಕ್‌ಪೋಸ್ಟ್

ಬುರೈಮಿ ಬಿಟ್ಟು ಸ್ವಲ್ಪ ದೂರಕ್ಕೆ ಒಂದು ಚೆಕ್‌ಪೋಸ್ಟ್ ಇದೆ. ಹೋಗುವಾಗ ಅಲ್ಲಿ ನಮ್ಮನ್ನು ಯಾರೂ ನೋಡಿರಲಿಲ್ಲ. ಬರುವಾಗ ಕಾರುಗಳ ಸಾಲು ನಿಂತಿತ್ತು.

ಹಮೀದ್ ಚಾಲಕ, ನಾನು ಅವನ ಪಕ್ಕ. ಹಿಂದಿನ ಸೀಟಿನಲ್ಲಿ ಕಾತ್ರೀನವ್ವ, ಅವರ ಪಕ್ಕದಲ್ಲಿ ತೊಡೆಯ ಮೇಲೆ ಹಲ್ವಾದ ದೊಡ್ಡ ಡಬ್ಬಿ ಇಟ್ಟುಕೊಂಡು ತಲೆ ತಗ್ಗಿಸಿದ ರೇಣುಕಾ. ಅವಳ ಬಳಿ ಒಂದು ಚೀಟಿಯೂ ಇರಲಿಲ್ಲ. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿತ್ತು.

“ಸರ, ಆ ಪೊಲೀಸರಿಗೆ ಕನ್ನಡ ಓದಾಕ ಬರತೈತೇನ್ರಿ?” ಎಂದು ಅವಳು ಮೆಲ್ಲಗೆ ಕೇಳಿದಳು. ನನ್ನೊಡನೆ ಅವಳು ಆಡಿದ ಮಾತು ಅದೊಂದೇ.

“ಬರುವುದಿಲ್ಲ ಮಗಾ,” ಎಂದೆ.

ಮುಂದಿನ ಕಾರು ಸರಿಯಿತು. ಮೀಸೆ ಚಿಗುರುತ್ತಿದ್ದ ಪೊಲೀಸ್ ಹುಡುಗ ಬಗ್ಗಿ ಒಳಗೆ ನೋಡಿದ. ಕಾತ್ರೀನವ್ವ ಅವನು ಬಾಯಿ ತೆರೆಯುವ ಮೊದಲೇ ಅರಬ್ಬಿಯಲ್ಲಿ ಶುರು ಮಾಡಿದರು. ನಿನ್ನ ತಾಯಿ ಹೇಗಿದ್ದಾಳೆ, ಬಿಸಿಲಲ್ಲಿ ನಿಂತು ಕಪ್ಪಾಗಿದ್ದೀಯಲ್ಲ, ನೀರು ಕುಡಿದೆಯಾ ಎಂದು ಕೇಳಿದರಂತೆ. ಹಮೀದ್ ಆಮೇಲೆ ಹೇಳಿದ್ದು. ಪೊಲೀಸ್ ಹುಡುಗ ಎದೆಯ ಮೇಲೆ ಕೈಯಿಟ್ಟು ನಕ್ಕ. ರೇಣುಕಾಳ ಕಡೆ ಒಮ್ಮೆ ನೋಡಿದ. ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಿದ್ದಳು. ಆ ಎರಡು ಬೆರಳು ಹೊರಗೇ ಕಾಣುತ್ತಿದ್ದವು. ಕಾತ್ರೀನವ್ವ ಮಾತು ನಿಲ್ಲಿಸದೆ ತಮ್ಮ ಅಬಾಯಾದ ತೋಳನ್ನು ಅವುಗಳ ಮೇಲೆ ಎಳೆದರು.

ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ ಬಿತ್ತು. ಕಾರಿನಲ್ಲಿ ಅನುಮಾನ ಹುಟ್ಟಿಸುವವನು ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ. ಪಾಸ್‌ಪೋರ್ಟ್ ಕೇಳಿದ. ತೆಗೆಯಹೋಗಿ ಕೆಳಗೆ ಬಿತ್ತು. ಹುಡುಕಲು ಬಗ್ಗಿದರೆ ಕನ್ನಡಕ ಬಿತ್ತು. ಸೀಟಿನ ಕೆಳಗೆ ಕೈಯಾಡಿಸುತ್ತ, ಇನ್ನೊಂದು ಕ್ಷಣ ತಡವಾದರೆ ನಾನೇ ಎಲ್ಲವನ್ನೂ ಒದರಿಬಿಡುತ್ತೇನೆ ಎನ್ನಿಸಿತು. ಶಾಲೆಯಲ್ಲಿ ಬೆತ್ತ ಕಂಡೊಡನೆ ಗೆಳೆಯರ ಹೆಸರು ಹೇಳಿಬಿಡುತ್ತಿದ್ದವನು ನಾನು. ಪಾಸ್‌ಪೋರ್ಟ್ ಸಿಕ್ಕಿತು. ಅವನು ಪುಟ ತಿರುವಿ, ನನ್ನ ಬೆವರು ನೋಡಿ, ಹಮೀದನಿಗೆ ಏನೋ ಹೇಳಿ ಬಿಟ್ಟುಬಿಟ್ಟ.

“ಎಂತ ಹೇಳಿದ?”

“ನಿನ್ನ ತಂದೆಗೆ ಹುಷಾರಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ಸರ್.”

ಯಾರೂ ನಗಲಿಲ್ಲ. ಬೆಟ್ಟ ಕಳೆದು ಬಯಲು ಬಂದ ಮೇಲೆ ಕಾತ್ರೀನವ್ವ ಹಲ್ವಾ ಬಿಚ್ಚಿದರು. ರೇಣುಕಾ ಎರಡು ತುತ್ತು ತಿಂದು ವಾಂತಿ ಮಾಡಿಕೊಂಡಳು. ಮಸ್ಕತ್ತಿನಲ್ಲಿ ರಾಯಭಾರ ಕಚೇರಿಯ ಗೇಟಿನಲ್ಲಿ ಇಳಿದು, ಕಾತ್ರೀನವ್ವನ ಹಿಂದೆ ಚೀಲ ಹಿಡಿದು ನಡೆದು, ಒಳಗೆ ಹೋದಳು. ಅವಳನ್ನು ಒಳಗೆ ಕರೆದುಕೊಂಡರು ಎಂದು ಕಾತ್ರೀನವ್ವ ಬಂದು ಹೇಳುವ ತನಕ ನಾನು ಸೀಟಿನ ಬೆಲ್ಟ್ ಬಿಚ್ಚಿರಲಿಲ್ಲ.

ಶುಕ್ರವಾರ, ಸಭಾಂಗಣ

ಹುಡುಗಿ ದಾಟಿದಳು. ಕಾತ್ರೀನವ್ವ ದಾಟಿರಲಿಲ್ಲ. ನಾಗೇಶ್ ಓದಿದ್ದಾರೋ ಇಲ್ಲವೋ, ಓದಿದ್ದರೆ ಏನು ಮಾಡುತ್ತಾರೆ, ಯಾರಿಗೂ ಗೊತ್ತಿರಲಿಲ್ಲ. ಕಾರ್ಯಕ್ರಮ ನಿಲ್ಲಿಸೋಣ ಎಂದೆ. ನಿಲ್ಲಿಸಿದರೆ ಯಾಕೆ ನಿಂತಿತು ಎಂದು ಕೇಳುತ್ತಾರೆ ಎಂದ ಹಮೀದ್.

ಹೊಸ ಮಾನಪತ್ರ ಬರೆಯಲು ಹಮೀದನ ಮನೆಯಲ್ಲಿ ಕುಳಿತೆ. ಕಾತ್ರೀನವ್ವ ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಏನೂ ಮಾಡಿಲ್ಲಂತ ಬರೀರಿ. ಅಡಗಿ ಮಾಡ್ಯಾಳ, ರೊಟ್ಟಿ ಚಲೋ ಬಡೀತಾಳ, ಸಾಕು. ಆದ್ರ ಸಿದ್ದಿ ಅಂತ ಬರೀರಿ. ದೊಡ್ಡದಾಗಿ ಬರೀರಿ. ಅದನ್ನ ಮುಚ್ಚಬ್ಯಾಡ್ರಿ. ನಮ್ಮ ಹುಡುಗ್ಯಾರೂ ಈಗ ಈ ಕಡೆ ಬರಾಕತ್ತಾರ. ಬಾಗಲದಾಗ ಅವರ ಕೂಡ ಅರಬ್ಬಿ ಮಾತಾಡಬಾರದು ಇವರು.”

ಹಾಗೆಯೇ ಬರೆದೆ. ಮಸ್ಕತ್ತಿನ ರೂವಿಯ ಹೋಟೆಲೊಂದರ ಸಭಾಂಗಣದಲ್ಲಿ ಶುಕ್ರವಾರ ಸಂಜೆ ನಾಲ್ಕಕ್ಕೆ ಓದಿದೆ. ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಅಧ್ಯಕ್ಷರು ಕಾತ್ರೀನವ್ವನಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ‘ಹಳಿಯಾಳದ ಸಿದ್ದಿ ಕುಲದ ಮಗಳು, ನಮ್ಮ ನಿಮ್ಮಂತೆ ಕನ್ನಡತಿ, ಮೂವತ್ತಾರು ವರ್ಷ ಒಂದೇ ಮನೆಯಲ್ಲಿ ರುಚಿಯಾಗಿ ಅಡುಗೆ ಮಾಡಿದವರು’ ಎಂದು ನಾನು ಓದಿದಾಗ ಚಪ್ಪಾಳೆ ತೆಳುವಾಗಿ ಬಿತ್ತು. ಅಡುಗೆ ಮಾಡಿದ್ದಕ್ಕೂ ಸನ್ಮಾನವೇ ಎಂದು ಮುಂದಿನ ಸಾಲಿನವರೊಬ್ಬರು ಪಕ್ಕದವರಿಗೆ ಅಂದದ್ದು ನನಗೇ ಕೇಳಿಸಿತು. ಮೊದಲಿನಿಂದ ನಿಜ ಗೊತ್ತಿದ್ದ ನಾಲ್ವರೂ ಗೋಡೆ ನೋಡುತ್ತಿದ್ದರು.

ವೇದಿಕೆ ಇಳಿಯುತ್ತಿದ್ದಂತೆ ಕನ್ನಡಕದ, ಸೌಮ್ಯ ಮುಖದ ಗೃಹಸ್ಥರೊಬ್ಬರು ಎದುರಾದರು. ಕಾತ್ರೀನವ್ವ ನನ್ನ ಪಕ್ಕದಲ್ಲೇ ಇದ್ದರು.

“ನಮಸ್ಕಾರ ಸರ್, ನಾನು ನಾಗೇಶ್ ಅಂತ. ಮೊನ್ನೆ ಗ್ರೂಪಿಗೆ ಹಾಕಿದ್ರಲ್ಲ, ಅದು ತುಂಬ ಚೆನ್ನಾಗಿತ್ತು. ಯಾಕೆ ಸರ್ ಬದಲಾಯಿಸಿಬಿಟ್ರಿ?”

ಅವರು ನಗುತ್ತಿದ್ದರು. ಆ ನಗು ಯಾವ ತರಹದ್ದು ಎಂದು ನನಗೆ ಇವತ್ತಿಗೂ ತಿಳಿಯದು. ನಾನು ಏನಾದರೂ ಹೇಳಲೇಬೇಕಿತ್ತು. ಹೇಳಿದೆ.

“ಅಯ್ಯೋ ನಾಗೇಶರೇ, ಮಾನಪತ್ರದಲ್ಲಿ ನಿಜ ಯಾರು ಬರೀತಾರೆ? ಸುಮ್ಮನೆ ಹೊಗಳಬೇಕಲ್ಲ ಅಂತ ಕಥೆ ಕಟ್ಟಿದ್ದೆ. ಇಲ್ಲಿ ಬಂದು ಇವರನ್ನು ನೋಡಿದ ಮೇಲೆ ನನಗೇ ನಾಚಿಕೆಯಾಯ್ತು. ಅಡುಗೆಯವರು, ಪಾಪ. ಇವರೆಲ್ಲಿ, ಅದೆಲ್ಲ ಎಲ್ಲಿ.”

ನಾಗೇಶ್ ನನ್ನನ್ನೂ ಕಾತ್ರೀನವ್ವನನ್ನೂ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು. “ಹೌದು ಸರ್. ನಮ್ಮ ತಂದೆಗೂ ಒಂದು ಕೊಟ್ಟಿದ್ರು, ದಾನಶೂರ ಕರ್ಣ ಅಂತ. ಮನೇಲಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ.” ಕಾತ್ರೀನವ್ವನಿಗೆ ಕೈಮುಗಿದು, ಹೆಂಡತಿಯನ್ನು ಹುಡುಕುತ್ತ ಹೋದರು.

ಬದುಕಿನಲ್ಲಿ ಬರೆದ ಒಂದೇ ಒಂದು ನಿಜವಾದ ಮಾನಪತ್ರವನ್ನು, ಅದು ಯಾರದೋ ಅವರ ಎದುರಿಗೇ, ನಾನು ಸುಳ್ಳು ಎಂದಿದ್ದೆ. ಅವರ ಕಡೆ ತಿರುಗಲು ನನಗೆ ಮುಖವಿರಲಿಲ್ಲ. ಅವರು ಪೇಟ ಸರಿಮಾಡಿಕೊಂಡು, “ಯಲ್ಲಾ, ನಡೀರಿ ಮಾಸ್ತರ್ರ, ಹೊರಗ ಹೋಗೂಣು,” ಎಂದರು.

ಪಾರ್ಕಿಂಗ್

ಹಮೀದ್ ಮೈಕಿನ ಪೆಟ್ಟಿಗೆ ಮರಳಿಸಲು ಹೋಗಿದ್ದ. ನಾವಿಬ್ಬರೂ ಅವನ ಕಾರಿನಲ್ಲಿ ಕುಳಿತೆವು. ಬಿಸಿಲು ಇನ್ನೂ ಇತ್ತು. ಹಣ್ಣಿನ ಬುಟ್ಟಿ ನಮ್ಮ ನಡುವೆ ಇತ್ತು.

“ಮಾಸ್ತರ್ರ, ಆ ಮೊದಲಿನ ಕಾಗದ ನಾ ಕೇಳೇ ಇಲ್ಲ. ನಂಗ ಓದಾಕ ಬರಂಗಿಲ್ಲ. ನಿಮ್ಮ ಕಡೆ ಐತೇನ?”

ಹಮೀದನಿಗೆ ಎಲ್ಲ ಕಡೆಯಿಂದ ಅಳಿಸಿದ್ದೇನೆ ಎಂದು ಹೇಳಿದ್ದೆ. ಅಳಿಸಿರಲಿಲ್ಲ. ಬರೆದವನ ಆಸೆ. ಫೋನಿನ ಒಂದು ಮೂಲೆಯಲ್ಲಿ ಒಂದು ಪ್ರತಿ ಇಟ್ಟುಕೊಂಡಿದ್ದೆ.

“ಐತಿ,” ಎಂದೆ.

“ಒಮ್ಮೆ ಓದ್ರಿ.”

ಗಾಜು ಏರಿಸಿದೆ. ಕನ್ನಡಿಯಲ್ಲಿ ಹಿಂದೆ ನೋಡಿದೆ, ಅಕ್ಕಪಕ್ಕದ ಕಾರುಗಳನ್ನು ನೋಡಿದೆ. ದನಿ ತಗ್ಗಿಸಿ ಓದತೊಡಗಿದೆ. ಕರುಣೆಯ ಕಡಲು ಎಂಬಲ್ಲಿ ನನಗೇ ಮುಜುಗರವಾಗಿ ದಾಟಿಸಿದೆ. ಒಬ್ಬೊಬ್ಬ ಹುಡುಗಿಯ ಊರು ಬಂದಾಗಲೂ ಅವರು ಹ್ಞೂಂ ಎನ್ನುತ್ತಿದ್ದರು, ಹಾಜರಿ ತೆಗೆದುಕೊಂಡಂತೆ. ‘ಹೀಗೆ ಹತ್ತೊಂಬತ್ತು ಮಂದಿಗೆ ಮರುಹುಟ್ಟು ಕೊಟ್ಟ ತಾಯಿ’ ಎಂದು ಓದಿದಾಗ ಅವರು ಕೈ ಎತ್ತಿದರು.

“ಇಪ್ಪತ್ತು ಮಂದಿ ಬಂದಿದ್ರು ನನ್ನ ಬಾಗಲಕ.”

ನಾನು ಓದುವುದನ್ನು ನಿಲ್ಲಿಸಿದೆ.

“ಹೆದರಿಕಿ ಆಗಲಿಲ್ಲೇನು ಅಂತ ಕೇಳಿದ್ರಿ ನೀವು ಮೊನ್ನೆ. ಆಗಿತ್ತರಿ. ಒಂದ ದಿವಸ. ಓಣ್ಯಾಗ ಪೊಲೀಸ್ ಗಾಡಿ ನಿಂತಿತ್ತು. ಅಕಿ ಬಾಗಲಾ ಬಡದ್ಲು. ನಾ ತೆಗೀಲಿಲ್ಲ. ನಾಳೆ ಬಾ ತಂಗಿ, ಅಂದೆ ಒಳಗಿಂದನ.” ಅವರು ಶಾಲಿನ ಅಂಚನ್ನು ಮಡಿಸಿದರು, ಬಿಚ್ಚಿದರು. “ಗಾಡಿ ನಿಂತದ್ದು ಬಾಜೂ ಮನಿಯವ್ರ ಮದುವಿ ಊಟಕ್ಕ. ಅಕಿ ನಾಳೆ ಬರಲಿಲ್ಲ. ಅಕಿ ಮಾಲಕರ ಮನಿ ನೀರಿನ ತೊಟ್ಟಿಯಾಗ ಹೆಣಾ ಆಗಿದ್ಲು.”

ಯಾರೋ ನಮ್ಮ ಪಕ್ಕದ ಕಾರಿಗೆ ಮಕ್ಕಳನ್ನು ಹತ್ತಿಸುತ್ತಿದ್ದರು. ನಾನು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದೆ. ಅವರು ಹೋಗುವ ತನಕ ಇಬ್ಬರೂ ಕಾದೆವು.

“ಅಕಿ ಹೆಸರ ಸೇರಸ್ರಿ,” ಎಂದರು ಕಾತ್ರೀನವ್ವ, ಮತ್ತು ಹೆಸರು ಹೇಳಿದರು. ಊರನ್ನೂ ಹೇಳಿದರು.

ಹತ್ತೊಂಬತ್ತು ಎಂಬುದನ್ನು ಇಪ್ಪತ್ತು ಎಂದು ತಿದ್ದಿದೆ. ಹೆಸರನ್ನು ಬರೆದೆ. ಎರಡು ಸಲ ತಪ್ಪಿತು. ಅವರು ನನ್ನ ಬೆರಳನ್ನೇ ನೋಡುತ್ತ ಕುಳಿತಿದ್ದರು. ಬರೆದಾದ ಮೇಲೆ ಆ ಸಾಲನ್ನು ಮೊದಲಿನಿಂದ ಮತ್ತೊಮ್ಮೆ ಓದಿ ಹೇಳಿದೆ. ಅವರು ಆ ಹೆಸರಿಗೂ ಹ್ಞೂಂ ಎಂದರು. ಹಮೀದ್ ಬರುವುದು ಕಾಣಿಸಿತು. ಅವನು ಬಾಗಿಲು ತೆರೆಯುವ ಮೊದಲು ಎಲ್ಲವನ್ನೂ ಅಳಿಸಿದೆ.